ದಿನಕ್ಕೆ ಮೂರು ಲೀಟರ್ ಕುಡೀರಿ ಅಂತೀರಿ, ಟಾಯ್ಲೆಟ್ ಎಲ್ಲಿದೆ?

2024ರ ಏಪ್ರಿಲ್ ಕೊನೆಯ ವಾರ. ಕರ್ನಾಟಕದ ಎರಡನೇ ಹಂತದ ಮತದಾನ ಮೇ 7ಕ್ಕಿತ್ತು. ಲೋಕಸಭಾ ಚುನಾವಣೆಯ ವರದಿಗಾಗಿ ನಾನು ಕಲಬುರಗಿ, ರಾಯಚೂರು ಕಡೆ ಹತ್ತು ದಿನ ಓಡಾಡ್ತಾ ಇದ್ದೆ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಮುಖಕ್ಕೆ ಹೊಡೀತಿತ್ತು. ಬ್ಯಾಗಲ್ಲಿ ಒಂದು ಲೀಟರ್ ನೀರಿನ ಬಾಟಲಿ. ಸಂಜೆ ರೂಮಿಗೆ ವಾಪಸ್ ಬಂದಾಗ ಅದರಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿರುತ್ತಿತ್ತು.

ಕುಡಿಯೋದು ಮರೆತಿದ್ದಲ್ಲ. ಲೆಕ್ಕ ಹಾಕಿ ಕುಡೀತಿರಲಿಲ್ಲ. ಮೈದಾನದಲ್ಲಿ ಸಭೆ, ಆಮೇಲೆ ಹಳ್ಳಿ, ಆಮೇಲೆ ಇನ್ನೊಂದು ಹಳ್ಳಿ. ಜೊತೆಗಿದ್ದ ಗಂಡಸರು ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಇಳಿದು ಬರುತ್ತಿದ್ದರು. ನನಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ಒಳಗೆ ಹೋಗೋದನ್ನೇ ಕಮ್ಮಿ ಮಾಡಿದರೆ ಹೊರಗೆ ಬರೋದೂ ಕಮ್ಮಿಯಾಗುತ್ತೆ ಅನ್ನೋ ಸರಳ ಇಂಜಿನಿಯರಿಂಗ್.

ಬೆಂಗಳೂರಿಗೆ ಬಂದ ಮೂರನೇ ದಿನಕ್ಕೆ ಉರಿಮೂತ್ರ, ಚಳಿ ಜ್ವರ. ತುಟಿ ಒಡೆದು ರಕ್ತ. ಮೊಣಕೈ ಮೇಲೆ ಉಗುರಲ್ಲಿ ಗೆರೆ ಎಳೆದರೆ ಸ್ಲೇಟಿನ ಮೇಲೆ ಬರೆದ ಹಾಗೆ ಬೆಳ್ಳಗೆ ಮೂಡುತ್ತಿತ್ತು. ಡಾಕ್ಟರ್ ಆಂಟಿಬಯಾಟಿಕ್ ಬರೆಯುತ್ತಾ, 'ಓದಿದವರು ನೀವು, ನೀರು ಕುಡೀಬೇಕು ಅಂತ ಗೊತ್ತಾಗಲ್ವಾ' ಅಂದರು. ಅವತ್ತು ರಾತ್ರಿ ಮಲಗಿಕೊಂಡು ಫೋನ್ ನೋಡ್ತಿದ್ದರೆ ಒಂದು ರೀಲ್: ದಿನಕ್ಕೆ ಮೂರು ಲೀಟರ್ ನೀರು ಕುಡೀರಿ, ಒಳಗಿನಿಂದ ಗ್ಲೋ ಆಗಿ. ಕೆಳಗೆ ಒಂದು ಸೀರಮ್ಮಿನ ಲಿಂಕ್.

ನೀರು ಕುಡಿದಷ್ಟು ಸುಲಭ ಅಂತ ನಾವೆಲ್ಲ ಮಾತಿಗೆ ಹೇಳ್ತೀವಿ. ಅದು ಯಾರಿಗೆ ಸುಲಭ, ಯಾವಾಗ ಸುಲಭ ಅಂತ ಕೇಳೋದಿಲ್ಲ. ಈ ಬರಹದಲ್ಲಿ ಎರಡು ಕೆಲಸ ಮಾಡಬೇಕು ಅಂತಿದ್ದೀನಿ. ದೇಹಕ್ಕೆ, ಚರ್ಮಕ್ಕೆ ನೀರು ನಿಜವಾಗಿ ಹೇಗೆ ಸಿಗುತ್ತೆ ಅನ್ನೋದನ್ನ ಬಿಡಿಸಿ ಹೇಳೋದು ಒಂದು. ಅದರಲ್ಲಿ ಎಷ್ಟು ನಮ್ಮ ಅಭ್ಯಾಸದ ಕೈಲಿದೆ, ಎಷ್ಟು ಇಲ್ಲ ಅಂತ ನೋಡೋದು ಇನ್ನೊಂದು.

ಓವರ್‌ಹೆಡ್ ಟ್ಯಾಂಕು ಮತ್ತು ಫ್ಲೋಟ್ ವಾಲ್ವ್

ಇಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಕಲಿತಿದ್ದು ಪತ್ರಕರ್ತೆಯಾದ ಮೇಲೆ ಉಪಯೋಗಕ್ಕೆ ಬಂದಿದ್ದು ಇಲ್ಲೇ. ಮನೆ ಮೇಲಿನ ನೀರಿನ ಟ್ಯಾಂಕಲ್ಲಿ ಫ್ಲೋಟ್ ವಾಲ್ವ್ ಇರುತ್ತಲ್ಲ, ಮಟ್ಟ ಇಳಿದರೆ ತೆರೆಯುತ್ತೆ, ತುಂಬಿದರೆ ಮುಚ್ಚುತ್ತೆ. ನಮ್ಮ ದೇಹವೂ ಅಂಥದ್ದೇ ವ್ಯವಸ್ಥೆ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮ.

ದೊಡ್ಡವರ ದೇಹದ ತೂಕದಲ್ಲಿ ಸುಮಾರು 50ರಿಂದ 60 ಪರ್ಸೆಂಟ್ ನೀರು. ಬೆವರು, ಉಸಿರು, ಮೂತ್ರದಲ್ಲಿ ನೀರು ಹೋದಂತೆ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುತ್ತೆ. ಏರಿಕೆ ಬರೀ ಒಂದೆರಡು ಪರ್ಸೆಂಟ್ ಆದರೂ ಸಾಕು, ಮೆದುಳಿನ ಹೈಪೋಥಲಾಮಸ್‌ಗೆ ಗೊತ್ತಾಗುತ್ತೆ. ಅದು ಎರಡು ಕೆಲಸ ಮಾಡುತ್ತೆ. ಮೊದಲನೆಯದು, ವಾಸೊಪ್ರೆಸಿನ್ ಅನ್ನೋ ಹಾರ್ಮೋನ್ ಮೂಲಕ ಕಿಡ್ನಿಗೆ 'ನೀರು ಹಿಡಿದಿಟ್ಟುಕೋ' ಅಂತ ಆದೇಶ. ಅದಕ್ಕೇ ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗೋದು. ಎರಡನೆಯದು ಬಾಯಾರಿಕೆ.

ಅಂದರೆ ಆರೋಗ್ಯವಂತ ಯುವಕ ಯುವತಿಯರಿಗೆ, ನೆರಳಲ್ಲಿ ಕೂತು ಕೆಲಸ ಮಾಡೋರಿಗೆ, ಬಾಯಾರಿಕೆ ಸಾಕಷ್ಟು ನಂಬಬಹುದಾದ ಮೀಟರ್. ಬಾಯಾರಿಕೆ ಆಗೋ ಹೊತ್ತಿಗೆ ತಡವಾಗಿರುತ್ತೆ ಅನ್ನೋ ಮಾತು ಇವರ ಮಟ್ಟಿಗೆ ಹೆದರಿಕೆಯ ವ್ಯಾಪಾರ. ಮೀಟರ್ ಕೈಕೊಡೋದು ಬೇರೆಯವರಿಗೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಕುಂದಿರುತ್ತೆ. ಸಣ್ಣ ಮಕ್ಕಳು ಕೇಳಲಾರರು. ಬಿಸಿಲಲ್ಲಿ ಮೈಮುರಿದು ದುಡಿಯೋರಲ್ಲಿ ಬೆವರು ಬಾಯಾರಿಕೆಗಿಂತ ಜೋರಾಗಿ ಓಡುತ್ತೆ. ಇನ್ನು ನನ್ನ ಹಾಗೆ ಮೀಟರ್ ಸರಿಯಿದ್ದೂ ಬೇಕಂತಲೇ ಆಫ್ ಮಾಡಿಕೊಳ್ಳೋರಿದ್ದಾರೆ. ಆ ಗುಂಪು ದೊಡ್ಡದು. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಎಂಟು ಲೋಟ ಎಲ್ಲಿಂದ ಬಂತು?

1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಒಂದು ಶಿಫಾರಸು ಮಾಡಿತು. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂತ. ಅದೇ ಪ್ಯಾರಾದ ಮುಂದಿನ ಮಾತು, ಅದರಲ್ಲಿ ಹೆಚ್ಚಿನ ಪಾಲು ಬೇಯಿಸಿದ ಆಹಾರದಲ್ಲೇ ಇರುತ್ತೆ ಅಂತ. ಜನ ಮೊದಲ ವಾಕ್ಯ ನೆನಪಿಟ್ಟುಕೊಂಡರು, ಎರಡನೆಯದನ್ನ ಬಿಟ್ಟರು. ಎಂಟು ಲೋಟದ ನಿಯಮಕ್ಕೆ ಒಂದು ಮೂಲ ಇದೇ ಇರಬಹುದು ಅಂತ ಹೇಳ್ತಾರೆ. 2002ರಲ್ಲಿ ಹೈನ್ಜ್ ವಾಲ್ಟಿನ್ ಅನ್ನೋ ಕಿಡ್ನಿ ತಜ್ಞರು ಈ ನಿಯಮಕ್ಕೆ ವೈಜ್ಞಾನಿಕ ಆಧಾರ ಹುಡುಕಿಕೊಂಡು ಹೋಗಿ, ಸಿಗಲಿಲ್ಲ ಅಂತ ಸುದೀರ್ಘ ಲೇಖನ ಬರೆದರು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳೋ ಲೆಕ್ಕ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಅದು ಊಟ, ಕಾಫಿ, ಹಾಲು, ಹಣ್ಣು ಎಲ್ಲ ಸೇರಿ, ಹಿತವಾದ ಹವೆಯಲ್ಲಿ ಇರೋರಿಗೆ. ರಾಯಚೂರಿನ ಮೇ ತಿಂಗಳಿಗೆ ಅದು ಅನ್ವಯಿಸಲ್ಲ. ಮಡಿಕೇರಿಯ ಜುಲೈಗೆ ಅಷ್ಟೂ ಬೇಡದೆ ಇರಬಹುದು. ಕಟ್ಟಡದ ಸೆಂಟ್ರಿಂಗ್ ಕೆಲಸದವನಿಗೂ ಎಸಿ ರೂಮಿನ ಕೋಡರ್‌ಗೂ ಒಂದೇ ನಂಬರ್ ಕೊಡೋದು, ಎಲ್ಲರಿಗೂ ಒಂದೇ ಸೈಜಿನ ಚಪ್ಪಲಿ ಹಂಚಿದ ಹಾಗೆ.

ನಂಬರ್ ಬದಲು ನೋಡಬೇಕಾದ್ದು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿ, ಕಮ್ಮಿ ಬರ್ತಿದ್ದರೆ ನೀರು ಬೇಕು. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡಿದ್ದರೆ ಬಣ್ಣ ಗಾಢವಾಗುತ್ತೆ, ಅದಕ್ಕೆ ಗಾಬರಿ ಬೇಡ. ಇಡೀ ದಿನ ಬಿಳಿ ನೀರಿನ ಹಾಗೇ ಹೋಗ್ತಿದ್ದರೆ ಅಗತ್ಯಕ್ಕಿಂತ ಜಾಸ್ತಿ ಕುಡೀತಿದ್ದೀರಿ ಅಂತಷ್ಟೆ.

ಜಾಸ್ತಿ ಕುಡಿದರೆ ಏನಾಗುತ್ತೆ? ಕಿಡ್ನಿ ಗಂಟೆಗೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ನೀರನ್ನ ಹೊರಹಾಕಬಲ್ಲದು. ಅದಕ್ಕಿಂತ ವೇಗವಾಗಿ ಗಂಟೆಗಟ್ಟಲೆ ಸುರಿದರೆ ರಕ್ತದ ಸೋಡಿಯಂ ತೆಳುವಾಗುತ್ತೆ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ 13 ಪರ್ಸೆಂಟ್ ಜನರಲ್ಲಿ ಸೋಡಿಯಂ ಅಪಾಯದ ಗೆರೆಗಿಂತ ಕೆಳಗಿತ್ತು. ಅವರಲ್ಲಿ ಅನೇಕರು ಓಡುವಾಗ ಸಿಕ್ಕಾಪಟ್ಟೆ ನೀರು ಕುಡಿದವರು. ತಲೆನೋವು, ವಾಂತಿ, ಗೊಂದಲದಿಂದ ಶುರುವಾಗಿ ಪ್ರಾಣಕ್ಕೂ ಬರಬಹುದು.

ತಿನ್ನೋ ನೀರು

ನಾವು ನೀರನ್ನ ಬರೀ ಕುಡಿಯಲ್ಲ, ತಿಂತೀವಿ ಕೂಡ. ಸೌತೆಕಾಯಿಯಲ್ಲಿ ಸುಮಾರು 95 ಪರ್ಸೆಂಟ್ ನೀರು. ಟೊಮೆಟೊ ಹೆಚ್ಚುಕಮ್ಮಿ ಅಷ್ಟೇ. ಕಲ್ಲಂಗಡಿಯಲ್ಲಿ 90ಕ್ಕಿಂತ ಮೇಲೆ. ಮೊಸರಲ್ಲಿ 85ರ ಮೇಲೆ. ಗಟ್ಟಿ ಅಂತ ಕಾಣೋ ಅನ್ನದಲ್ಲೂ ಸುಮಾರು 70 ಪರ್ಸೆಂಟ್ ನೀರೇ. ಸಾರು, ಹುಳಿ, ತಂಬುಳಿ, ಬಸ್ಸಾರು, ಅಂಬಲಿ ಇವೆಲ್ಲ ಲೆಕ್ಕಕ್ಕೆ ತಗೊಂಡರೆ ನಮ್ಮ ಊಟದ ತಟ್ಟೆ ಅರ್ಧ ನೀರಿನ ಬಾಟಲಿ ಇದ್ದ ಹಾಗೆ.

ಬೇಸಿಗೆಯಲ್ಲಿ ರಾಮನವಮಿಗೆ ಪಾನಕ, ಕೋಸಂಬರಿ, ನೀರು ಮಜ್ಜಿಗೆ ಹಂಚೋದು ಭಕ್ತಿಯ ಜೊತೆಗೆ ಋತುವಿನ ಲೆಕ್ಕಾಚಾರ ಕೂಡ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಉಪ್ಪು, ನಿಂಬೆರಸ ಎಲ್ಲ ಒಂದೇ ದೊನ್ನೆಯಲ್ಲಿ. ಬೆಳಿಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕುಡಿದು ಹೊಲಕ್ಕೆ ಹೋಗೋರು ಯಾವ ಆ್ಯಪ್ ನೋಡಿ ಕಲಿತವರಲ್ಲ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸೋಣ. ಕಾಫಿ, ಟೀ ಕುಡಿದರೆ ದೇಹದ ನೀರೆಲ್ಲ ಹೋಗುತ್ತೆ ಅಂತಾರೆ. 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ಪಾನೀಯ ಕುಡಿಸಿ, ಕೆಲವು ಗಂಟೆಗಳಲ್ಲಿ ಎಷ್ಟು ಮೂತ್ರವಾಗಿ ಹೋಗುತ್ತೆ ಅಂತ ಅಳೆದರು. ಕಾಫಿ, ಟೀ ಸಾದಾ ನೀರಿಗಿಂತ ಕೆಟ್ಟದ್ದೇನಾಗಿರಲಿಲ್ಲ. ನೀರಿಗಿಂತ ಹೆಚ್ಚು ಹೊತ್ತು ದೇಹದಲ್ಲಿ ನಿಂತಿದ್ದು ಹಾಲು ಮತ್ತು ಓಆರ್‌ಎಸ್. ಹಾಲಲ್ಲಿ ಸೋಡಿಯಂ, ಪೊಟ್ಯಾಸಿಯಂ, ಪ್ರೋಟೀನ್ ಇದ್ದು ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತೆ ಅನ್ನೋದೇ ಕಾರಣ. ಅಂದ ಹಾಗೆ ಆ ಪ್ರಯೋಗದಲ್ಲಿದ್ದ 72 ಜನರೂ ಗಂಡಸರು. ವಿಜ್ಞಾನದಲ್ಲೂ ಯಾರಿಗೆ ನೀರು ಕೊಟ್ಟು ನೋಡ್ತೀವಿ ಅನ್ನೋ ಪ್ರಶ್ನೆ ಇದ್ದೇ ಇದೆ.

ಬೆವರಿದವರಿಗೆ ಬರೀ ನೀರು ಸಾಲದು

ಬೆವರಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತೆ. ಒಬ್ಬರಿಂದ ಒಬ್ಬರಿಗೆ ತುಂಬಾ ವ್ಯತ್ಯಾಸ ಇದ್ದರೂ ಒಂದು ಲೀಟರ್ ಬೆವರಲ್ಲಿ ಅಂದಾಜು ಒಂದು ಗ್ರಾಂ ಸೋಡಿಯಂ ಅಂತ ಇಟ್ಕೊಳ್ಳಿ. ಸುಡುಬಿಸಿಲಲ್ಲಿ ಭಾರದ ಕೆಲಸ ಮಾಡೋರಿಗೆ ಗಂಟೆಗೆ ಒಂದು ಲೀಟರ್ ಬೆವರು ದೊಡ್ಡ ಮಾತಲ್ಲ. ನಾಲ್ಕು ಗಂಟೆ ದುಡಿದು ಬರೀ ನೀರು ಕುಡಿದರೆ ಸುಸ್ತು, ಸ್ನಾಯು ಸೆಳೆತ ಹಾಗೇ ಉಳಿಯುತ್ತೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ಉಪ್ಪಿನಕಾಯಿ ಜೊತೆ ಗಂಜಿ ಕೆಲಸಕ್ಕೆ ಬರೋದು ಅದಕ್ಕೇ. ಎಳನೀರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಮ್ಮಿ. ಹಾಗಾಗಿ ತುಂಬಾ ಬೆವರಿದವರು ಎಳನೀರೊಂದನ್ನೇ ನೆಚ್ಚಿಕೊಳ್ಳಬಾರದು. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಎಳನೀರು ಕುಡಿಯಲೇಬಾರದು.

ಆದರೆ ಎಸಿಯಲ್ಲಿ ಕೂತು ಕೆಲಸ ಮಾಡೋರು ಇದನ್ನ ಓದಿ ನೀರಿಗೆ ಉಪ್ಪು ಕದಡೋದು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು. ನಾವು ಈಗಾಗಲೇ ಅದಕ್ಕಿಂತ ಜಾಸ್ತಿ ತಿಂತಿದ್ದೀವಿ. ಬಿಪಿ ಇರೋರಿಗಂತೂ ಎಲೆಕ್ಟ್ರೊಲೈಟ್ ಪುಡಿಯ ಸ್ಯಾಶೆ ಫ್ಯಾಷನ್ ಅಲ್ಲ, ಅಪಾಯ.

ಓಆರ್‌ಎಸ್ ಕತೆ ಇಲ್ಲಿ ಹೇಳಲೇಬೇಕು. ನಮ್ಮ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆಯೋ ಒಂದು ಬಾಗಿಲಿದೆ. ಅವೆರಡೂ ಒಳಗೆ ಹೋದರೆ ಅವುಗಳ ಹಿಂದೆ ನೀರು ಹೋಗುತ್ತೆ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು 30 ಪರ್ಸೆಂಟ್ ಇದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಹಾಸಿಗೆ, ಸೂಜಿ, ನರ್ಸು ಇಲ್ಲದ ಕಡೆಯೂ ಬಡವರ ಮಕ್ಕಳನ್ನ ಉಳಿಸಿದ ವಿಜ್ಞಾನ ಅದು.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಪ್ಯಾಕೆಟ್‌ನಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಸಕ್ಕರೆ ಜಾಸ್ತಿಯಾದರೆ ಭೇದಿ ಜೋರಾಗುತ್ತೆ, ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಅಳತೆಯೇ ಇಲ್ಲಿ ಔಷಧಿ.

ಇಷ್ಟು ನಿಖರವಾದ ಔಷಧಿಯ ಹೆಸರನ್ನೇ ಡಬ್ಬಿ ಮೇಲೆ ಅಂಟಿಸಿಕೊಂಡು, ಸೂತ್ರಕ್ಕಿಂತ ಎಷ್ಟೋ ಪಟ್ಟು ಸಕ್ಕರೆ ತುಂಬಿದ ಪಾನೀಯಗಳು ವರ್ಷಗಟ್ಟಲೆ ಮೆಡಿಕಲ್ ಶಾಪಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. 2025ರ ಅಕ್ಟೋಬರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಯಾವುದೇ ಪಾನೀಯದ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದ ಬಳಸಬಾರದು ಅಂತ ಆದೇಶ ಹೊರಡಿಸಿತು. ಹೈಡ್ರೇಶನ್ ಅನ್ನೋದು ರಾಜಕೀಯ ಅಲ್ಲ ಅನ್ನೋರಿಗೆ ಈ ಒಂದು ಉದಾಹರಣೆ ಸಾಕು.

ಚರ್ಮ ಬಾಯಲ್ಲಿ ಕುಡಿಯಲ್ಲ

ಈಗ ಗ್ಲೋ ವಿಷಯ. ನಮ್ಮ ಚರ್ಮದ ಅತಿ ಹೊರಗಿನ ಪದರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಐವತ್ತನೇ ಒಂದು ಭಾಗದಷ್ಟು ದಪ್ಪ. ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಈ ಗೋಡೆ ಗಟ್ಟಿ ಇದ್ದರೆ ಒಳಗಿನ ನೀರು ಆವಿಯಾಗಿ ಹೋಗಲ್ಲ. ಗಾರೆ ಕಿತ್ತುಹೋದರೆ ಎಷ್ಟು ಕುಡಿದರೂ ಸೋರುತ್ತೆ. ಸೋರೋ ತೊಟ್ಟಿಗೆ ಮೋಟರ್ ಹಾಕಿದ ಹಾಗೆ.

ಪರೀಕ್ಷೆ ಸುಲಭ. ಕಲಬುರಗಿಯಲ್ಲಿ ತುಟಿ ಒಡೆದ ನಾನೇ, ಅಷ್ಟೇ ನೀರು ಕುಡಿದು ಮಂಗಳೂರಲ್ಲಿ ಒಂದು ವಾರ ಇದ್ದರೆ ತುಟಿ ಒಡೆಯಲ್ಲ. ಬದಲಾಗಿದ್ದು ಗಾಳಿಯ ತೇವ, ನನ್ನ ಬಾಟಲಿಯಲ್ಲ. ಮೊದಲೇ ಸಾಕಷ್ಟು ಕುಡಿಯೋರಿಗೆ ಇನ್ನಷ್ಟು ನೀರಿನಿಂದ ಚರ್ಮ ಹೊಳೆಯುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕಮ್ಮಿ ಕುಡಿಯೋರು ಜಾಸ್ತಿ ಮಾಡಿದರೆ ಸ್ವಲ್ಪ ವ್ಯತ್ಯಾಸ ಕಾಣಬಹುದು ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳ್ತವೆ, ಅಷ್ಟೆ.

ಗಾರೆ ಉಳಿಸಿಕೊಳ್ಳೋ ದಾರಿ ಅಗ್ಗದ್ದು. ಸುಡುನೀರ ಸ್ನಾನ ಕಮ್ಮಿ ಮಾಡಿ, ಉಗುರುಬೆಚ್ಚಗಿನ ನೀರು ಸಾಕು. ಚರ್ಮ ಸ್ವಲ್ಪ ಆಮ್ಲೀಯ, ಸಾಮಾನ್ಯ ಸೋಪು ಕ್ಷಾರ. ಮೈಯೆಲ್ಲ ದಿನಕ್ಕೆರಡು ಸಲ ಉಜ್ಜಬೇಕಿಲ್ಲ, ಕಂಕುಳು, ತೊಡೆಸಂದು, ಪಾದಕ್ಕೆ ಹಚ್ಚಿದರೆ ಸಾಕು. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಮೈಮೇಲೆ ಉಳಿದು ಒಣಗಿಸುತ್ತೆ, ಹಾಗಾಗಿ ಚೆನ್ನಾಗಿ ತೊಳೆಯಿರಿ. ಮೈ ಇನ್ನೂ ಒದ್ದೆ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ, ಗ್ಲಿಸರಿನ್ ಇರೋ ಲೋಷನ್ ಅಥವಾ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿ. ಮೇಲೊಂದು ಮುಚ್ಚಳ ಹಾಕಿ ಇರೋ ನೀರನ್ನ ಹಿಡಿದಿಡೋ ಕೆಲಸ ಅದು.

ಊಟದಿಂದ ಚರ್ಮಕ್ಕೆ ಬೇಕಾದ್ದು ನೀರಿಗಿಂತ ಹೆಚ್ಚಾಗಿ ಕೊಬ್ಬು. ಆ ಗಾರೆ ಕಟ್ಟೋಕೆ ಲಿನೋಲಿಯಿಕ್ ಆಮ್ಲ ಬೇಕು, ದೇಹ ಅದನ್ನ ತಾನೇ ತಯಾರಿಸಲಾರದು. ಕುಸುಬೆ ಎಣ್ಣೆಯಲ್ಲಿ, ಗುರೆಳ್ಳಲ್ಲಿ, ಶೇಂಗಾದಲ್ಲಿ ಅದಿದೆ. ಅಗಸೆಯಲ್ಲಿ ಅದರ ಸೋದರ ಒಮೆಗಾ-3 ಇದೆ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯ ಪಕ್ಕ ಗುರೆಳ್ಳು ಹಿಂಡಿ, ಅಗಸೆ ಹಿಂಡಿ, ಶೇಂಗಾ ಹಿಂಡಿ ಸಾಲಾಗಿ ಕೂತಿರೋದು ನೆನಪಿಸಿಕೊಳ್ಳಿ. ಒಣ ಹವೆಯ ಊರಿನ ತಟ್ಟೆಯಲ್ಲೇ ಒಣ ಚರ್ಮಕ್ಕೆ ಬೇಕಾದ್ದು ಇದೆ. ಕೊಬ್ಬು ಪೂರ್ತಿ ಬಿಟ್ಟ ಡಯಟ್ ಮಾಡ್ತಾ ಸೀರಮ್ ಕೊಳ್ಳೋದು ಯಾವ ಲೆಕ್ಕ?

ಗ್ಲೋ ಅನ್ನೋ ಪದದ ಬಗ್ಗೆಯೂ ಎಚ್ಚರ ಇರಲಿ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನ ಗ್ಲೋ ಅಂಡ್ ಲವ್ಲಿ ಅಂತ ಬದಲಿಸಿಕೊಂಡಿತು. ಬೆಳ್ಳಗಾಗಿ ಅಂತ ಹೇಳೋಕೆ ನಾಚಿಕೆಯಾದ ಮಾರುಕಟ್ಟೆಗೆ ಸಿಕ್ಕ ಹೊಸ ಪದ ಹೊಳಪು. ಕಪ್ಪು ಮೈಗೆ ಒಣಗಿದಾಗ ಬೂದಿ ಬಣ್ಣ ಕಾಣುತ್ತೆ, ಎಣ್ಣೆ ಹಚ್ಚಿದರೆ ಹೋಗುತ್ತೆ. ಅಲ್ಲಿ ಸರಿಪಡಿಸಬೇಕಾದ್ದು ಒಣಗುವಿಕೆ ಮಾತ್ರ, ಬಣ್ಣ ಅಲ್ಲ.

ಬಾಟಲಿ ತುಂಬಿದೆ, ಆದರೂ ಕುಡಿಯಲ್ಲ

ಇಷ್ಟೆಲ್ಲ ಗೊತ್ತಿದ್ದೂ ನಾನು ರಾಯಚೂರಲ್ಲಿ ನೀರು ಕುಡಿಯಲಿಲ್ಲ. ಅದು ಅಜ್ಞಾನ ಅಲ್ಲ.

2018ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಪದೇಪದೇ ಮೂತ್ರದ ಸೋಂಕು ಆಗ್ತಿದ್ದ, ಕಮ್ಮಿ ನೀರು ಕುಡೀತಿದ್ದ 140 ಹೆಂಗಸರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚುವರಿ ನೀರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು, ಇನ್ನೊಂದು ಗುಂಪಿಗೆ 3.2 ಸಲ. ನೀರಿನಿಂದ ಇಷ್ಟು ಸ್ಪಷ್ಟ ಲಾಭ ಇನ್ನೆಲ್ಲೂ ಕಂಡಿದ್ದು ಕಮ್ಮಿ. ಆದರೆ ಆ ಒಂದೂವರೆ ಲೀಟರ್ ಕುಡಿಯೋಕೆ ಹತ್ತಿರದಲ್ಲಿ ಟಾಯ್ಲೆಟ್ ಇರಬೇಕು. ನೀರು, ಬಾಗಿಲು, ಚಿಲಕ, ಲೈಟ್ ಇರೋ ಟಾಯ್ಲೆಟ್.

ಗಾರ್ಮೆಂಟ್ಸ್ ಕೆಲಸದ ಹೆಂಗಸರನ್ನ ಕೇಳಿ. ಟಾರ್ಗೆಟ್ ತಪ್ಪುತ್ತೆ, ಸೂಪರ್‌ವೈಸರ್ ಬೈತಾನೆ ಅಂತ ನೀರು ಕುಡಿಯೋದನ್ನೇ ಬಿಟ್ಟವರಿದ್ದಾರೆ. ಬೆಳಗಿನ ಜಾವ ರಸ್ತೆ ಗುಡಿಸೋ ಪೌರಕಾರ್ಮಿಕರು, ಬಸ್ಸಿನ ಮಹಿಳಾ ಕಂಡಕ್ಟರುಗಳು, ಟ್ರಾಫಿಕ್ ಪೊಲೀಸರು, ಬೀದಿಬದಿ ತರಕಾರಿ ಮಾರೋರು ಎಲ್ಲರದ್ದೂ ಅದೇ ಲೆಕ್ಕ. ಫುಡ್ ಡೆಲಿವರಿ ಹುಡುಗಿಯೊಬ್ಬಳು ನನಗೆ ಹೇಳಿದ್ದು: 'ಅಕ್ಕಾ, ಯಾವ ಪೆಟ್ರೋಲ್ ಬಂಕಲ್ಲಿ ಬೀಗ ಹಾಕಿರಲ್ಲ ಅನ್ನೋದು ನನ್ನ ತಲೆಯಲ್ಲಿರೋ ಮ್ಯಾಪು.' ನಾವು ಆರ್ಡರ್ ಮಾಡಿದ ಕಲ್ಲಂಗಡಿ ಜ್ಯೂಸ್ ಅವಳ ಬೆನ್ನ ಮೇಲಿರುತ್ತೆ.

ಕಾನೂನಲ್ಲಿ ಏನೂ ಇಲ್ಲ ಅಂತಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕುಡಿಯೋ ನೀರು, ಶೌಚಾಲಯ ಕಡ್ಡಾಯ ಅಂತಿತ್ತು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಬೇಸಿಗೆಯಲ್ಲಿ ತಂಪು ನೀರು ಕೊಡಬೇಕು ಅಂತಲೂ ಇತ್ತು. 2005ರ ನರೇಗಾ ಕಾಯ್ದೆ ಕೆಲಸದ ಜಾಗದಲ್ಲಿ ನೀರು, ನೆರಳು ಇಡಬೇಕು ಎಂದು ಬರೆದಿತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೀತವೆ. ಬಿಸಿಲಿಗೆ ಕೆಲಸದ ಸಮಯ ಬದಲಿಸಬೇಕು ಅಂತ ಸರ್ಕಾರಕ್ಕೆ ಗೊತ್ತಿದೆ. ಗೊತ್ತಿರೋದು ತನ್ನ ನೌಕರರ ಮಟ್ಟಿಗೆ. ಕಚೇರಿಯ ಹೊರಗೆ ಕಬ್ಬಿಣ ಬಗ್ಗಿಸೋನಿಗೆ ಆ ಆದೇಶ ಅನ್ವಯಿಸಲ್ಲ.

2019ರಲ್ಲಿ ಕೇರಳ ನೋಡಿ ನಮ್ಮ ಶಿಕ್ಷಣ ಇಲಾಖೆಯೂ ಶಾಲೆಗಳಲ್ಲಿ ವಾಟರ್ ಬೆಲ್ ಬಾರಿಸೋ ಕ್ರಮ ತಂದಿತು. ಮಕ್ಕಳು ಬೆಲ್ ಹೊಡೆದಾಗ ನೀರು ಕುಡೀಬೇಕು. ಒಳ್ಳೆಯದೇ. ಆದರೆ ಶೌಚಾಲಯಕ್ಕೆ ನೀರಿಲ್ಲದ ಶಾಲೆಯ ಹುಡುಗಿ ಬೆಲ್ ಕೇಳಿ ಬಾಟಲಿ ಬಾಯಿಗಿಟ್ಟು, ತುಟಿ ಒದ್ದೆ ಮಾಡ್ಕೊಂಡು ಕೆಳಗಿಡ್ತಾಳೆ.

ನಾನು ಈಗ ಮಾಡೋದು

ಆ ಸೋಂಕಿನ ನಂತರ ನನ್ನ ದಿನಚರಿ ಬದಲಾಯಿತು. ಎದ್ದ ಮೇಲೆ ಒಂದು ದೊಡ್ಡ ಲೋಟ ನೀರು, ಪ್ರತಿ ಊಟದ ಜೊತೆ ಒಂದು, ಮಧ್ಯೆ ಬಾಯಾರಿದಾಗ. ಮಧ್ಯಾಹ್ನ ಮಜ್ಜಿಗೆ. ಬೇಸಿಗೆಯಲ್ಲಿ ಸಂಜೆ ಕರಿದಿದ್ದರ ಬದಲು ಸೌತೆಕಾಯಿ ಅಥವಾ ಕಲ್ಲಂಗಡಿ. ಕಾಫಿ ಬಿಟ್ಟಿಲ್ಲ. ಫೀಲ್ಡಿಗೆ ಹೋದಾಗ ಮಾತ್ರ ಕ್ರಮ ಬೇರೆ: ಒಂದೇ ಸಲ ಅರ್ಧ ಲೀಟರ್ ಸುರಿಯೋದಿಲ್ಲ. ಬಿಸಿಲಲ್ಲಿ ದುಡಿಯೋರಿಗೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ಅನ್ನೋದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ಸಲಹೆ, ಆ ಲಯ ಇಟ್ಕೊಂಡಿದ್ದೀನಿ. ಬ್ಯಾಗಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್. ಹೊಸ ಊರಿಗೆ ಹೋದರೆ ಸಭೆ ಎಲ್ಲಿ ಅಂತ ಕೇಳೋ ಮೊದಲು ಟಾಯ್ಲೆಟ್ ಎಲ್ಲಿ ಅಂತ ಕೇಳ್ತೀನಿ, ಜೋರಾಗಿ, ಎಲ್ಲರ ಮುಂದೆ. ಸಂಘಟಕರು ಮೊದಲ ಸಲ ಕಕ್ಕಾಬಿಕ್ಕಿಯಾಗ್ತಾರೆ. ಎರಡನೇ ಸಲ ವ್ಯವಸ್ಥೆ ಮಾಡಿರ್ತಾರೆ.

ಒಂದು ಎಚ್ಚರಿಕೆ. ಬಿಸಿಲಲ್ಲಿ ಯಾರಾದರೂ ಗೊಂದಲದಲ್ಲಿ ಮಾತಾಡ್ತಿದ್ದರೆ, ಮೈ ಸುಡ್ತಿದ್ದರೆ, ಕುಸಿದು ಬಿದ್ದರೆ ಅದು ಬಾಯಾರಿಕೆ ಅಲ್ಲ, ಶಾಖಾಘಾತ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಅರವಟ್ಟಿಗೆ

ಕನ್ನಡದಲ್ಲಿ ಅರವಟ್ಟಿಗೆ ಅನ್ನೋ ಪದ ಇದೆ. ದಾರಿಹೋಕರಿಗೆ ನೀರು, ಮಜ್ಜಿಗೆ ಇಡೋ ಜಾಗ. ಶಾಸನಗಳ ಕಾಲದಿಂದ ಬಂದ ಪದ. ಹೈಡ್ರೇಶನ್ ಒಬ್ಬೊಬ್ಬರ ಬಾಟಲಿಯ ವಿಷಯ ಅಲ್ಲ, ರಸ್ತೆಯ ವಿಷಯ ಅಂತ ನಮ್ಮ ಹಿಂದಿನವರಿಗೆ ತಿಳಿದಿತ್ತು. ಹಾಗಂತ ಅದನ್ನ ಪೂರ್ತಿ ಹೊಗಳೋ ಹಾಗೂ ಇಲ್ಲ. ಆ ಮಡಕೆಯನ್ನ ಯಾರು ಮುಟ್ಟಬಹುದಿತ್ತು, ಯಾರು ದೂರ ನಿಂತು ಬೊಗಸೆ ಒಡ್ಡಬೇಕಿತ್ತು ಅನ್ನೋದು ನಮಗೆ ಗೊತ್ತು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದ ಸಾವಿರಾರು ಜನ ಮಾಡಿದ ಸತ್ಯಾಗ್ರಹ ಏನು? ಬೊಗಸೆಯಲ್ಲಿ ನೀರು ಎತ್ತಿ ಕುಡಿದಿದ್ದು. ನೀರು ಕುಡಿಯೋದು ಸುಲಭದ ಕೆಲಸ ಅಲ್ಲ ಅಂತ ಆ ಜನಕ್ಕೆ ಯಾರೂ ರೀಲ್ ಮಾಡಿ ಹೇಳಬೇಕಿರಲಿಲ್ಲ.

ಹಾಗಾಗಿ ಈ ಬೇಸಿಗೆಗೆ ನನ್ನ ಸಲಹೆ ಎರಡೇ. ನಿಮ್ಮ ಮಟ್ಟಿಗೆ: ಮಜ್ಜಿಗೆ ಕುಡೀರಿ, ಸೌತೆಕಾಯಿ ತಿನ್ನಿ, ಒದ್ದೆ ಮೈಗೆ ಎಣ್ಣೆ ಹಚ್ಚಿ, ಲೀಟರ್ ಎಣಿಸೋದು ಬಿಡಿ. ಎಲ್ಲರ ಮಟ್ಟಿಗೆ: ನಿಮ್ಮ ವಾರ್ಡಲ್ಲಿ, ಕಾಲೇಜಲ್ಲಿ, ನೀವು ಕರೆಯೋ ಪ್ರತಿಭಟನೆಯ ಮೈದಾನದಲ್ಲಿ ನೀರಿನ ಕ್ಯಾನ್ ಎಲ್ಲಿದೆ ಅಂತ ಕೇಳಿ, ಅದೇ ಉಸಿರಲ್ಲಿ ಹೆಂಗಸರ ಟಾಯ್ಲೆಟ್ ಎಲ್ಲಿದೆ ಅಂತಲೂ ಕೇಳಿ. ನಿಮ್ಮ ಮನೆಗೆ ಊಟ ತರೋರು ಬಾಗಿಲಲ್ಲಿ ನಿಂತಾಗ ನೀರು ಬೇಕಾ ಅನ್ನಿ, ಬಾತ್‌ರೂಮ್ ಬೇಕಾ ಅಂತಲೂ ಅನ್ನಿ.

ಕಳೆದ ಬೇಸಿಗೆ ಮತ್ತೆ ರಾಯಚೂರಿಗೆ ಹೋಗಿದ್ದೆ. ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಚಂಬು ತುಂಬ ಮಜ್ಜಿಗೆ ಕೊಟ್ಟರು. ನಾನು ಅರ್ಧ ಕುಡಿದು ಹಿಂದೆಮುಂದೆ ನೋಡ್ತಿದ್ದೆ. ಅವರಿಗೆ ಅರ್ಥವಾಯಿತು. 'ಪೂರಾ ಕುಡೀ ಅವ್ವ,' ಅಂದರು. 'ಹಿಂದ ಪಾಯಖಾನಿ ಐತಿ, ನೀರೂ ಐತಿ.' ಚಂಬು ಖಾಲಿ ಮಾಡಿದೆ.